ಹೊಸ ಕಂಪ್ಯೂಟರ್ ಮೊಂಡು ಹಿಡಿದಾಗ

ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸ ಹಳ್ಳಿಯ ವಿದ್ಯಾರ್ಥಿಗಳಿಗೂ ಬಂದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಅಥವಾ ಕೊರಿಯರ್‌ನಲ್ಲಿ ತರಿಸಿದ ಭಾಗಗಳನ್ನೆಲ್ಲ ಕೂಡಿಸಿ ಗುಂಡಿ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿದರೆ, ಹಣ ಕೊಟ್ಟ ಪಾಲಕರ ಮುಖವೂ ಕಪ್ಪಿಡುತ್ತದೆ. ಶಿರಸಿ-ಹುಬ್ಬಳ್ಳಿ ದಾರಿಯ ಎಕ್ಕಂಬಿಯಂಥ ಊರಿನಲ್ಲಿ ಈ ಚಿಂತೆ ಇನ್ನೂ ಹೆಚ್ಚು. ಕೊಂಡ ಅಂಗಡಿ ದೂರ. ಇಡೀ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತೊಯ್ದರೆ ಒಂದು ದಿನ ಹಾಳು. ಕೆಡದ ಭಾಗವನ್ನು ಕೆಟ್ಟಿದೆಯೆಂದು ತಿಳಿದು ಮತ್ತೊಂದನ್ನು ಕೊಂಡರೆ ಹಣವೂ ದಂಡ.

ತೋಟದ ಪಂಪ್‌ಸೆಟ್ ನೀರೆತ್ತದಿದ್ದರೆ ಯಾವ ರೈತನೂ ಮೊದಲೇ ಮೋಟಾರು ಬಿಚ್ಚುವುದಿಲ್ಲ. ಕರೆಂಟು ಇದೆಯೇ, ಫ್ಯೂಸು ಹೋಗಿದೆಯೇ, ಸ್ಟಾರ್ಟರ್ ಎಳೆಯುತ್ತಿದೆಯೇ, ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ಎಂದು ಕ್ರಮವಾಗಿ ನೋಡುತ್ತಾನೆ. ಕಂಪ್ಯೂಟರಿಗೂ ಬೇಕಾದದ್ದು ಇದೇ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಕಲಿಸುವುದೂ ಇದನ್ನೇ.

ವಿಂಡೋಸಿಗೆ ಮೊದಲೋ, ನಂತರವೋ?

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತೊಂದರೆ ವಿಂಡೋಸ್ ಬರುವ ಮೊದಲೇ ಇದೆಯೇ, ಬಂದ ನಂತರವೇ? ಗುಂಡಿ ಒತ್ತಿದ ಕೂಡಲೇ ಮದರ್‌ಬೋರ್ಡಿನಲ್ಲಿರುವ ಬಯೋಸ್ ಎಂಬ ಚಿಕ್ಕ ತಂತ್ರಾಂಶ ಎಚ್ಚರಗೊಂಡು ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಮುಂತಾದವುಗಳ ಹಾಜರಿ ತೆಗೆದುಕೊಳ್ಳುತ್ತದೆ. ಈ ಹಂತದಲ್ಲಿ ವಿಂಡೋಸಿನ ಡ್ರೈವರ್‌ಗಳಿಗೆ ಕೆಲಸವೇ ಇಲ್ಲ. ಇಲ್ಲಿಯೇ ಯಂತ್ರ ನಿಂತರೆ ದೋಷವನ್ನು ಜೋಡಣೆಯಲ್ಲಿ, ಬಯೋಸಿನಲ್ಲಿ ಅಥವಾ ಬಿಡಿಭಾಗದಲ್ಲಿ ಹುಡುಕಬೇಕು.

ಫ್ಯಾನು ಕೂಡ ತಿರುಗದಿದ್ದರೆ ಪವರ್ ಸಪ್ಲೈಯ ಹಿಂದಿನ ಸ್ವಿಚ್ಚು, ಬೋರ್ಡಿನ 24 ಪಿನ್ನಿನ ದೊಡ್ಡ ಕನೆಕ್ಟರ್, ಮುಂಭಾಗದ ಗುಂಡಿಯಿಂದ ಬರುವ ತೆಳು ತಂತಿಗಳು ಸರಿಯಾದ ಪಿನ್ನಿನಲ್ಲಿ ಕೂತಿವೆಯೇ ನೋಡಬೇಕು. ಫ್ಯಾನು ತಿರುಗಿಯೂ ಚಿತ್ರ ಬಾರದಿದ್ದರೆ ಪ್ರೊಸೆಸರಿಗೇ ಮೀಸಲಾದ 4 ಅಥವಾ 8 ಪಿನ್ನಿನ ಕನೆಕ್ಟರ್ ಮರೆತುಹೋಗಿರಬಹುದು. ಮೆಮೊರಿ ಪಟ್ಟಿ ‘ಟಕ್’ ಎಂದು ಸದ್ದಾಗುವವರೆಗೆ ಕೂರದೆ ಇರಬಹುದು. ನಾಲ್ಕು ಸ್ಲಾಟುಗಳಿದ್ದು ಪಟ್ಟಿಗಳು ಎರಡೇ ಆದರೆ, ಹೆಚ್ಚಿನ ಬೋರ್ಡುಗಳಲ್ಲಿ ಅವುಗಳ ಜಾಗ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು.

ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲ್ಲನ್ನು ಆ ಕಾರ್ಡಿಗೇ ಸಿಕ್ಕಿಸಬೇಕು, ಬೋರ್ಡಿಗಲ್ಲ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಿಗೆ ಸ್ವಂತ ಗ್ರಾಫಿಕ್ಸ್ ಇಲ್ಲ. ಕಾರ್ಡಿಲ್ಲದೆ ಅವು ಚಿತ್ರ ತೋರಿಸಲಾರವು.

ತಾಳ್ಮೆಯೂ ಬೇಕು. ಡಿಡಿಆರ್5 ಮೆಮೊರಿಯ ಯಂತ್ರ ಮೊದಲ ಸಲ ಏಳುವಾಗ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟರಲ್ಲೇ ಕೆಟ್ಟಿತೆಂದು ಸ್ವಿಚ್ಚು ಆರಿಸುವವರು ಬಹಳ.

ಬಯೋಸ್ ಪರದೆ ಬಂದರೆ ಪ್ರೊಸೆಸರಿನ ಉಷ್ಣತೆಯನ್ನು ಗಮನಿಸಬೇಕು. ಏನೂ ಕೆಲಸವಿಲ್ಲದೆ ಅದು ಕೆಲವೇ ನಿಮಿಷಗಳಲ್ಲಿ 90 ಡಿಗ್ರಿಯ ಕಡೆ ಏರತೊಡಗಿದರೆ ಯಂತ್ರ ಆರಿಸಿ ಕೂಲರ್ ತೆಗೆದು ನೋಡಬೇಕು. ಅದರ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸುವುದು ಹೊಸಬರಿಂದ ಆಗುವ ತಪ್ಪು.

ಡ್ರೈವರ್ ಎಂಬ ದುಭಾಷಿ

ವಿಂಡೋಸ್ ಬಂದ ಮೇಲೆ ಧ್ವನಿ ಇಲ್ಲ, ಇಂಟರ್‌ನೆಟ್ ಇಲ್ಲ, ಚಿತ್ರ ಒರಟೊರಟಾಗಿದೆ ಎಂದಾದರೆ ಮೊದಲು ಸಂಶಯಿಸಬೇಕಾದದ್ದು ಡ್ರೈವರನ್ನು. ಬೇರೆ ಬೇರೆ ಕಂಪನಿಗಳ ಬಿಡಿಭಾಗಗಳ ಮಾತು ವಿಂಡೋಸಿಗೆ ನೇರವಾಗಿ ತಿಳಿಯದು. ನಡುವೆ ನಿಂತು ಮಾತು ತಿಳಿಸುವ ದುಭಾಷಿಯೇ ಡ್ರೈವರ್. 1995ರ ವಿಂಡೋಸ್ 95 ‘ಸಿಕ್ಕಿಸಿದರೆ ಸಾಕು, ನಡೆಯುತ್ತದೆ’ ಎಂಬ ಭರವಸೆಯೊಡನೆ ಬಂತು. ಆದರೆ ಇಂದಿಗೂ ಎಲ್ಲ ಭಾಗಗಳ ದುಭಾಷಿ ವಿಂಡೋಸಿನೊಳಗೇ ಇರುವುದಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದರೆ ತಕರಾರಿರುವ ಭಾಗದ ಮೇಲೆ ಹಳದಿ ಗುರುತು ಕಾಣುತ್ತದೆ. ‘ಕೋಡ್ 28’ ಎಂದರೆ ಡ್ರೈವರೇ ಇಲ್ಲವೆಂದು ಅರ್ಥ, ಭಾಗ ಕೆಟ್ಟಿದೆಯೆಂದಲ್ಲ. ಹೆಸರು ತಿಳಿಯದ ಭಾಗಕ್ಕೂ ಗುರುತಿನ ಚೀಟಿ ಇರುತ್ತದೆ. ‘ಹಾರ್ಡ್‌ವೇರ್ ಐಡಿ’ ಎಂಬಲ್ಲಿ ತಯಾರಕನ ನಾಲ್ಕು ಅಂಕಿ-ಅಕ್ಷರಗಳ ಸಂಕೇತ ಸಿಗುತ್ತದೆ. 8086 ಎಂದಿದ್ದರೆ ಇಂಟೆಲ್. 1978ರಲ್ಲಿ ಬಂದ ಅದರ ಹೆಸರಾಂತ ಚಿಪ್ಪಿನ ಸಂಖ್ಯೆಯೂ ಅದೇ. 10ಡಿಇ ಎಂದಿದ್ದರೆ ಎನ್‌ವಿಡಿಯಾ, 10ಇಸಿ ಎಂದಿದ್ದರೆ ರಿಯಲ್‌ಟೆಕ್.

ಹೊಸಬರನ್ನು ಕಾಡುವ ಒಗಟು ಇನ್ನೊಂದಿದೆ. ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್‌ನೆಟ್ ಬೇಕು! ಪರಿಹಾರ ಸುಲಭ. ಮದರ್‌ಬೋರ್ಡ್ ತಯಾರಕರ ತಾಣದಿಂದ ಚಿಪ್‌ಸೆಟ್, ಲ್ಯಾನ್, ವೈಫೈ ಡ್ರೈವರ್‌ಗಳನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಮೊದಲೇ ಇಟ್ಟುಕೊಳ್ಳಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಅದರ ಇಂಟರ್‌ನೆಟ್ ಹಂಚಿಕೊಂಡರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ‘ಎಲ್ಲ ಡ್ರೈವರ್‌ಗಳನ್ನೂ ಒಂದೇ ಏಟಿಗೆ ಹಾಕುತ್ತೇವೆ’ ಎನ್ನುವ ಅಪರಿಚಿತ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬಾರದು.

ಮುಟ್ಟಿದರೆ ಜುಮ್ಮೆನ್ನುವುದೇಕೆ?

ಹೊಸ ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದಾಗ ಬೆರಳು ಜುಮ್ಮೆನ್ನುವ ಅನುಭವ ಹಲವು ಮನೆಗಳಲ್ಲಿ ಆಗುತ್ತದೆ. ಇದಕ್ಕೆ ಬಹಳ ಸಲ ಕಾರಣ ಮನೆಯ ವೈರಿಂಗಿನಲ್ಲಿ ಅರ್ತಿಂಗ್ ಇಲ್ಲದಿರುವುದು. ಪವರ್ ಸಪ್ಲೈಯೊಳಗೆ ವಿದ್ಯುತ್ ಗದ್ದಲವನ್ನು ತಡೆಯುವ ಚಿಕ್ಕ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ತು ಅರ್ತ್ ತಂತಿಯ ಮೂಲಕ ಭೂಮಿಗೆ ಇಳಿಯಬೇಕು. ದಾರಿ ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಉಳಿದು, ಮುಟ್ಟಿದವರ ಮೂಲಕ ಇಳಿಯುತ್ತದೆ. ಸೋರುವುದು ಅತ್ಯಲ್ಪವಾದರೂ ಅಲಕ್ಷ್ಯ ಸಲ್ಲದು. ನಾಳೆ ನಿಜವಾದ ದೋಷ ಉಂಟಾದರೆ ಜೀವ ಉಳಿಸುವುದು ಆ ಅರ್ತ್ ತಂತಿಯೇ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತ್ ಗುಂಡಿಯ ರೋಧ ಹೆಚ್ಚುವುದರಿಂದ ಆಗಾಗ ನೀರು ಹಾಕಬೇಕು. ಪರೀಕ್ಷೆಯನ್ನು ಬಲ್ಲ ಎಲೆಕ್ಟ್ರೀಷಿಯನ್‌ಗೇ ಬಿಡಬೇಕು.

ಗುಡುಗು-ಮಿಂಚಿನ ದಿನಗಳಲ್ಲಿ ಸ್ವಿಚ್ಚು ಆರಿಸಿದರಷ್ಟೇ ಸಾಲದು. ಮಿಂಚು ಹತ್ತಿರ ಬರುವ ಮೊದಲೇ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಬೇಕು. ಪೆಟ್ಟಿಗೆಯೊಳಗೆ ಕೈಹಾಕುವ ಮುನ್ನವೂ ಪ್ಲಗ್ ಕೀಳಬೇಕು. ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುವಂತೆ ಬರಿಯ ಲೋಹವನ್ನು ಒಮ್ಮೆ ಮುಟ್ಟಬೇಕು. ಪವರ್ ಸಪ್ಲೈಯನ್ನಂತೂ ಬಿಚ್ಚಲೇಬಾರದು. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕರ ವಿದ್ಯುತ್ತನ್ನು ಹಿಡಿದಿಡಬಲ್ಲವು.

ಇಷ್ಟೆಲ್ಲ ನೋಡಿಯೂ ಯಂತ್ರ ಏಳದಿದ್ದರೆ ಅಂಗಡಿಗೆ ಹೋಗುವುದು ಸರಿಯೇ. ಆದರೆ ಆಗ ಕೈಯಲ್ಲಿ ಬಿಲ್ಲಿನ ಜೊತೆ ನೋಟ್‌ಬುಕ್ಕಿನ ಆ ಪುಟವೂ ಇರಬೇಕು. ‘ಎರಡು ಮೆಮೊರಿ ಪಟ್ಟಿಗಳಲ್ಲಿ ಇದೊಂದನ್ನು ಹಾಕಿದಾಗ ಮಾತ್ರ ಏಳುವುದಿಲ್ಲ, ಸ್ಲಾಟು ಬದಲಿಸಿಯೂ ನೋಡಿದೆ’ ಎಂದು ಹೇಳಬಲ್ಲ ವಿದ್ಯಾರ್ಥಿ ಇಡೀ ಪೆಟ್ಟಿಗೆ ಹೊರಬೇಕಾಗಿಲ್ಲ. ಜೇಬಿನಲ್ಲಿ ಹಿಡಿಸುವ ಒಂದು ಪಟ್ಟಿ ಒಯ್ದರೆ ಸಾಕು. ಯಂತ್ರ ಒಂದು ದಿನ ತಡವಾಗಿ ನಡೆದರೂ ಚಿಂತೆಯಿಲ್ಲ. ಕಾರಣ ಹುಡುಕುವ ಅಭ್ಯಾಸ ಮಕ್ಕಳಿಗೆ ಬಂದರೆ ಪಾಲಕರು ಹಾಕಿದ ಹಣಕ್ಕೆ ಮೋಸವಿಲ್ಲ.