ಒಲಿಂಪಿಕ್ಸ್ ಇಲ್ಲದ ಇಪ್ಪತ್ತೈದು ವರ್ಷ

ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಬಿಸಿಲು ಇಳಿಯುತ್ತಿದ್ದಂತೆ ಗೋಡೆಗೆ ಚೆಂಡು ಬಡಿಯುವ ಸಪ್ಪಳ ಶುರುವಾಗುತ್ತದೆ. ಹುಡುಗರು ಕ್ರಿಕೆಟ್ಟಿಗೆ ಸೇರಿಸಿಕೊಳ್ಳಲಿಲ್ಲವೆಂದು ಆರನೇ ಇಯತ್ತೆಯ ಹುಡುಗಿಯೊಬ್ಬಳು ಹಳೆಯ ಟೆನಿಸ್ ರ‍್ಯಾಕೆಟ್ ಹಿಡಿದು ಕಾಂಪೌಂಡ್ ಗೋಡೆಯ ಜೊತೆ ಆಡುತ್ತಾಳೆ. ಒಂದು ದಿನ ಕೇಳಿದಳು: “ಕಾಕಾ, ಗ್ವಾಡಿ ಜೊತಿ ಆಡೋದು ಖರೇ ಆಟ ಅದಾ ಏನ್ರಿ?”

ಅದಾ ಯವ್ವಾ, ಅಂದೆ. ಆ ಆಟವನ್ನೇ ಇಪ್ಪತ್ತೈದು ವರ್ಷ ಆಡಿದ, ಇನ್ನೂ ಆಡುತ್ತಿರುವ ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ನೆನಪಾದರು.

ಸ್ಕ್ವಾಷ್ ನಾಲ್ಕು ಗೋಡೆಗಳ ಆಟ. 32 ಅಡಿ ಉದ್ದ, 21 ಅಡಿ ಅಗಲದ ಕೋಣೆ. ಇಬ್ಬರು ಎದುರುಬದುರು ನಿಲ್ಲುವುದಿಲ್ಲ, ಒಂದೇ ಗೋಡೆಗೆ ಮುಖ ಮಾಡಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರದಲ್ಲಿ ಓಡಾಡುತ್ತಾರೆ. ಮುಂದಿನ ಗೋಡೆಯ ಬುಡದಲ್ಲಿ ತಗಡಿನ ಪಟ್ಟಿಯೊಂದಿದೆ, ಅದಕ್ಕೆ ‘ಟಿನ್’ ಎನ್ನುತ್ತಾರೆ. ವೃತ್ತಿಪರ ಪಂದ್ಯಗಳಲ್ಲಿ ಅದರ ಎತ್ತರ 17 ಅಂಗುಲ. ಚೆಂಡು ಅದಕ್ಕೆ ಬಡಿದರೆ ಅಂಕ ಹೋಯಿತು. ಎರಡು ಹಳದಿ ಚುಕ್ಕೆಗಳ ಆ ಕರಿಯ ರಬ್ಬರ್ ಚೆಂಡಿನ ಸ್ವಭಾವವೇ ಬೇರೆ: ತಣ್ಣಗಿದ್ದರೆ ಪುಟಿಯುವುದೇ ಇಲ್ಲ. ಆಟಕ್ಕೆ ಮೊದಲು ಬಡಿದು ಬಡಿದು ಬಿಸಿ ಮಾಡಬೇಕು. ನಮ್ಮ ಕಲಬುರಗಿಯ ಮೇ ತಿಂಗಳಿನಲ್ಲಿ ಆ ಕೆಲಸ ಅರ್ಧ ಬಿಸಿಲೇ ಮಾಡಿಬಿಡುತ್ತಿತ್ತು.

ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಹುಟ್ಟಿದ ಈ ಆಟ ಭಾರತಕ್ಕೆ ಬಂದದ್ದು ಬ್ರಿಟಿಷರ ದಂಡಿನ ಜೊತೆ. ಹಾಗಾಗಿ ಬಹುಕಾಲ ಕಂಟೋನ್ಮೆಂಟಿನ ಬೇಲಿಯೊಳಗೆ, ಶ್ರೀಮಂತರ ಕ್ಲಬ್ಬುಗಳಲ್ಲೇ ಉಳಿಯಿತು. ಜೋಷ್ನಾ ಅವರ ಮನೆಗೂ ಅದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬಂದಿದೆ. ಕೊಡಗು ಮೂಲದ ಕುಟುಂಬ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಬಂಧುಗಳು, ತಂದೆ ಅಂಜನ್ ಚಿಣ್ಣಪ್ಪ ಸ್ವತಃ ಸ್ಕ್ವಾಷ್ ಆಟಗಾರ. ಜೋಷ್ನಾ ಹುಟ್ಟಿದ್ದು 1986ರ ಸೆಪ್ಟೆಂಬರ್ 15ರಂದು, ಚೆನ್ನೈಯಲ್ಲಿ. ರ‍್ಯಾಕೆಟ್ ಹಿಡಿದದ್ದು ಅಲ್ಲಿಯ ಮದ್ರಾಸ್ ಕ್ರಿಕೆಟ್ ಕ್ಲಬ್ಬಿನಲ್ಲಿ. ಆಮೇಲೆ ಅದೇ ಊರಿನಲ್ಲಿ ತೆರೆದ ಭಾರತೀಯ ಸ್ಕ್ವಾಷ್ ಅಕಾಡೆಮಿಯಲ್ಲಿ ಮಲೇಷ್ಯಾದ ಮೇಜರ್ ಮಣಿಯಂ ಮತ್ತು ಸೈರಸ್ ಪೊಂಚಾ ಅವರ ತರಬೇತಿ. ಬೇರು ಕೊಡಗಿನದಾದರೂ ಆಟ ಬೆಳೆದದ್ದು ಮರೀನಾ ಕಡಲ ಊರಿನಲ್ಲಿ, ಅದನ್ನು ಮರೆಮಾಚಿ ‘ನಮ್ಮವಳು’ ಎನ್ನುವುದು ಸರಿಯಲ್ಲ. 2024ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಮಿಳುನಾಡು ಎಂದಿತ್ತು. ಅದೇ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನಲ್ಲಿ ಇನ್ನೊಬ್ಬ ಕೊಡವ ಆಟಗಾರ, ಟೆನಿಸ್‌ನ ರೋಹನ್ ಬೋಪಣ್ಣ, ಇದ್ದರು.

2000ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಜೋಷ್ನಾ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಆಗಿರಲಿಲ್ಲ. 2005ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ಪಿನ ಫೈನಲ್ ತಲುಪಿ ಈಜಿಪ್ಟಿನ ರನೀಮ್ ಎಲ್ ವೆಲಿಲಿಗೆ ಸೋತರು. ಆ ರನೀಮ್ ಮುಂದೆ ವಿಶ್ವದ ನಂಬರ್ ಒನ್ ಆದರು.

ಆ ವರ್ಷವೇ ಇನ್ನೊಂದು ಸೋಲೂ ಆಯಿತು. ಅದು ಕೋರ್ಟಿನ ಹೊರಗಿನದು. ಸಿಂಗಪುರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸ್ಕ್ವಾಷ್‌ಗೆ ಬಾಗಿಲು ತೆರೆಯಲಿಲ್ಲ. 2009ರಲ್ಲಿ ಗಾಲ್ಫ್ ಮತ್ತು ರಗ್ಬಿ ಒಳಗೆ ಹೋದವು, 2013ರಲ್ಲಿ ಕುಸ್ತಿ ತನ್ನ ಜಾಗ ಮರಳಿ ಪಡೆಯಿತು. ಸ್ಕ್ವಾಷ್ ಮೂರೂ ಸಲ ಹೊಸ್ತಿಲಲ್ಲೇ ನಿಂತಿತು. ಎಂಟು ಬಾರಿ ವಿಶ್ವ ಚಾಂಪಿಯನ್ ಆದ ಮಲೇಷ್ಯಾದ ನಿಕೋಲ್ ಡೇವಿಡ್, ಒಂದು ಒಲಿಂಪಿಕ್ ಚಿನ್ನ ಸಿಗುವುದಾದರೆ ತಮ್ಮ ವಿಶ್ವ ಪ್ರಶಸ್ತಿಗಳನ್ನೆಲ್ಲ ಬಿಟ್ಟುಕೊಡಲು ಸಿದ್ಧ ಎಂದಿದ್ದರು. ಆ ಆಸೆ ಕೈಗೂಡದೆಯೇ 2019ರಲ್ಲಿ ನಿವೃತ್ತರಾದರು. ರನೀಮ್ ಅದರ ಮರುವರ್ಷ ಆಟ ಬಿಟ್ಟರು.

ನಮ್ಮ ದೇಶದಲ್ಲಿ ಆಟಗಾರರನ್ನು ಒಲಿಂಪಿಕ್ ಪದಕದ ತಕ್ಕಡಿಯಲ್ಲಿ ತೂಗುತ್ತೇವೆ. ಆ ತಕ್ಕಡಿಯ ತಟ್ಟೆಗೆ ಕಾಲಿಡುವ ಅವಕಾಶವೇ ಇಲ್ಲದವರ ಜೀವಮಾನದ ದುಡಿಮೆ ಕ್ರೀಡಾಪುಟದ ಮೂಲೆಯ ನಾಲ್ಕು ಸಾಲಿಗೆ ಮುಗಿಯುತ್ತದೆ. ಇದು ಅನ್ಯಾಯ ಎಂದೇ ನನ್ನ ಭಾವನೆ. ಯಾಕೆಂದರೆ ಆ ನಾಲ್ಕು ಸಾಲುಗಳ ಹಿಂದೆ ಇರುವುದು ಸಣ್ಣದಲ್ಲ. 2011ರಲ್ಲಿ ಮೊಣಕಾಲು ಕೈಕೊಟ್ಟು ಜೋಷ್ನಾ ತಿಂಗಳುಗಟ್ಟಲೆ ಕೂರಬೇಕಾಯಿತು. ಸ್ಕ್ವಾಷ್ ಎಂದರೆ ಮೊಣಕಾಲಿನ ಆಟ, ಪ್ರತಿ ಹೊಡೆತಕ್ಕೂ ಒಂದು ಕಾಲನ್ನು ಮುಂದೆ ಚಾಚಿ ನೆಲಕ್ಕೆ ಬಗ್ಗಬೇಕು. ಆ ಕಾಲಿನಲ್ಲೇ ಮರಳಿ ಬಂದು, 2014ರ ಆಗಸ್ಟ್ 2ರಂದು ಗ್ಲಾಸ್ಗೋದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಇಂಗ್ಲೆಂಡಿನ ಜೆನ್ನಿ ಡಂಕಾಫ್–ಲಾರಾ ಮಸಾರೊ ಜೋಡಿಯನ್ನು 11–6, 11–8ರಿಂದ ಮಣಿಸಿದರು. ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಮೊದಲ ಪದಕ, ಅದೂ ಚಿನ್ನ.

2016ರಲ್ಲಿ ವಿಶ್ವದ ಹತ್ತನೇ ಸ್ಥಾನ. 2017ರಲ್ಲಿ ಚೆನ್ನೈಯಲ್ಲಿ ಏಷ್ಯನ್ ಸಿಂಗಲ್ಸ್ ಪ್ರಶಸ್ತಿ, ಭಾರತದ ಯಾವ ಮಹಿಳೆಗೂ ಅದು ಅಲ್ಲಿಯವರೆಗೆ ದಕ್ಕಿರಲಿಲ್ಲ. ಫೈನಲ್‌ನಲ್ಲಿ ಎದುರಿಗಿದ್ದವರು ಅದೇ ದೀಪಿಕಾ. ಮರುವರ್ಷ ಈಜಿಪ್ಟಿನ ಎಲ್ ಗೌನಾದಲ್ಲಿ ನಿಕೋಲ್ ಡೇವಿಡ್ ವಿರುದ್ಧ ನೇರ ಗೇಮ್‌ಗಳ ಗೆಲುವು. 2019ರಲ್ಲಿ ಹದಿನೇಳನೇ ರಾಷ್ಟ್ರೀಯ ಪ್ರಶಸ್ತಿ ಬಂತು. ಅಲ್ವರ್‌ನ ಭುವನೇಶ್ವರಿ ಕುಮಾರಿ 1977ರಿಂದ 1992ರವರೆಗೆ ಹದಿನಾರು ಗೆದ್ದು ಕಟ್ಟಿದ್ದ ದಾಖಲೆ ಹಾಗೆ ಮುರಿಯಿತು. 2022ರಲ್ಲಿ ಮತ್ತೆ ಗ್ಲಾಸ್ಗೋ, ಮತ್ತೆ ದೀಪಿಕಾ, ವಿಶ್ವ ಡಬಲ್ಸ್ ಚಿನ್ನ. ದೀಪಿಕಾ ಅವಳಿ ಮಕ್ಕಳ ತಾಯಿಯಾಗಿ ಆಗ ಆರು ತಿಂಗಳು.

ಕೊನೆಗೂ ಬಾಗಿಲು ತೆರೆದದ್ದು ನಮ್ಮ ನೆಲದಲ್ಲೇ. 2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲಿಸ್ ಕೂಟಕ್ಕೆ ಕ್ರಿಕೆಟ್ ಜೊತೆ ಸ್ಕ್ವಾಷನ್ನೂ ಸೇರಿಸಿತು. ಮರುದಿನದ ಪತ್ರಿಕೆಗಳ ತುಂಬ ಕ್ರಿಕೆಟ್ಟೇ. ಜೋಷ್ನಾಗೆ ಆಗ ಮೂವತ್ತೇಳು.

ಆ ವಯಸ್ಸಿಗೆ ವಿದಾಯ ಹೇಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹೇಳಲಿಲ್ಲ. 2025ರ ಅಕ್ಟೋಬರ್‌ನಲ್ಲಿ, ಮೂವತ್ತೊಂಬತ್ತರಲ್ಲಿ, ಯೊಕೊಹಾಮಾದ ಜಪಾನ್ ಓಪನ್ ಗೆದ್ದರು. ಡಿಸೆಂಬರ್‌ನಲ್ಲಿ ಚೆನ್ನೈಯ ಮಾಲ್ ಒಂದರೊಳಗೆ ನಿಲ್ಲಿಸಿದ್ದ ಗಾಜಿನ ಕೋರ್ಟಿನಲ್ಲಿ ಭಾರತ ಹಾಂಗ್‌ಕಾಂಗನ್ನು 3–0ರಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದಾಗ ಆ ತಂಡದಲ್ಲಿ ಅಭಯ್ ಸಿಂಗ್, ವೇಲವನ್ ಸೆಂಥಿಲ್‌ಕುಮಾರ್ ಜೊತೆ ಜೋಷ್ನಾ ಇದ್ದರು, ಹದಿನೇಳರ ಅನಾಹತ್ ಸಿಂಗ್ ಇದ್ದರು. ಜೋಷ್ನಾ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅನಾಹತ್ ಇನ್ನೂ ಹುಟ್ಟಿರಲಿಲ್ಲ. ಲಾಸ್ ಏಂಜಲಿಸ್ ಬಹುಶಃ ಅನಾಹತ್‌ಳ ಪಾಲಿನದು. ಅಲ್ಲಿಗೆ ಹೋಗುವ ದಾರಿಯಲ್ಲಿ ಮುಳ್ಳು ತೆಗೆದವರು ಮಾತ್ರ ಈ ಹಿರಿಯಕ್ಕ.

ಗ್ಲಾಸ್ಗೋ ಪಂದ್ಯದ ವಿಡಿಯೊ ಫೋನಿನಲ್ಲಿ ತೋರಿಸಿದೆ. ಹುಡುಗಿ ಅರ್ಧ ಗಂಟೆ ಮಾತಾಡಲಿಲ್ಲ. ಮರುದಿನ ಸಂಜೆ ನೋಡಿದರೆ ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಿಂದ ಅಡ್ಡಗೆರೆ ಎಳೆದಿದ್ದಾಳೆ, ನೆಲದಿಂದ ಸುಮಾರು ಒಂದೂವರೆ ಅಡಿ ಮೇಲೆ. ಅದರ ಕೆಳಗೆ ಚೆಂಡು ಬಡಿದರೆ ಔಟ್ ಅಂತೆ.