ಚಾನೆಲ್ ನೀರು ಬಂದ ಮೇಲೆ ಹೊರಡಿ: ಕತ್ತಲಗೆರೆ ಸುತ್ತಿನ ತೋಟ, ಹೊಂಡ, ಕೆರೆ

ಚನ್ನಗಿರಿ ಸೀಮೆಯಲ್ಲಿ ಹಸಿರು ನೋಡಲು ಹೊರಡುವವರು ಮೊದಲು ಭದ್ರಾ ಚಾನೆಲ್‌ಗೆ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಬಲದಂಡೆ ನಾಲೆಯೇ ಈ ಕಡೆಯ ಗದ್ದೆ, ತೋಟ, ಕೆರೆಗಳ ಬಣ್ಣವನ್ನು ತೀರ್ಮಾನಿಸುತ್ತದೆ. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಿರ್ಧಾರವಾಗುತ್ತದೆ. ಡ್ಯಾಮಿನಲ್ಲಿ ನೀರು ಕಡಿಮೆಯಿದ್ದ ವರ್ಷ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ರೈತರು ಇದಕ್ಕೆ ‘ಆನ್ ಆಫ್’ ಎನ್ನುತ್ತಾರೆ. 2023ರಂಥ ಬರದ ವರ್ಷದಲ್ಲಿ ಬಂದವರು ಈ ಸೀಮೆಯ ಬಗ್ಗೆ ತಪ್ಪು ಕಲ್ಪನೆ ಹೊತ್ತು ಹೋಗಿರುತ್ತಾರೆ. ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಜನವರಿಯ ನಡುವೆ ಬಂದರೆ ಕೆರೆ ತುಂಬಿರುತ್ತದೆ, ಬಿಸಿಲೂ ಹಗುರ.

ಕಾಲುವೆಗೂ ಉದ್ಯಾನಕ್ಕೂ ಇರುವ ನಂಟು ನಮ್ಮಲ್ಲಿ ಮಾತ್ರ ಇರುವುದಲ್ಲ. ಫ್ರಾನ್ಸಿನ ಬಂದರು ನಗರ ಮಾರ್ಸೇಯ್ 1830ರ ದಶಕದಲ್ಲಿ ಬರ ಮತ್ತು ಕಾಲರಾದಿಂದ ತತ್ತರಿಸಿ, ದ್ಯೂರಾನ್ಸ್ ನದಿಯಿಂದ ಕಾಲುವೆ ತೋಡಿಸಿತು. 1849ರಲ್ಲಿ ನೀರು ಬಂತು. ಆ ಸಂಭ್ರಮಕ್ಕೆ ಕಟ್ಟಿದ ಲೋಂಶಾಂ ಅರಮನೆ, ಅದರ ಕಾರಂಜಿ ಮತ್ತು ಉದ್ಯಾನ 1869ರಲ್ಲಿ ಜನರಿಗೆ ತೆರೆದುಕೊಂಡವು. ಅಲ್ಲಿ ನೀರು ಬಂದದ್ದನ್ನು ಶಿಲ್ಪಗಳಲ್ಲಿ ಮೆರೆಸಿದರು. ನಾವು ನೀರು ಬಂದ ಕೂಡಲೇ ಭತ್ತ ನಾಟಿ ಮಾಡಿ, ಅಡಿಕೆ ಸಸಿ ಇಟ್ಟೆವು. ಹಾಗಾಗಿ ಇಲ್ಲಿ ಟಿಕೆಟ್ ಕೊಟ್ಟು ಒಳಹೋಗುವ ಪಾರ್ಕು ಕಡಿಮೆ. ನೋಡುವಂಥ ತೋಟಕ್ಕೇನೂ ಬರವಿಲ್ಲ.

ನೋಡಲೇಬೇಕಾದದ್ದು ಸಂತೇಬೆನ್ನೂರಿನ ಪುಷ್ಕರಣಿ. ಊರವರ ಬಾಯಲ್ಲಿ ಅದು ಹೊಂಡ. ಇಲ್ಲಿನ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುತ್ತಾರೆ. ಪ್ರತಿ ಬದಿಯೂ 200 ಅಡಿಗಿಂತ ಹೆಚ್ಚು ಉದ್ದ. ನಾಲ್ಕೂ ಕಡೆ ನೀರಿಗಿಳಿಯುವ ಮೆಟ್ಟಿಲು, ನಟ್ಟನಡುವೆ ಗೋಪುರ ಹೊತ್ತ ವಸಂತ ಮಂಟಪ, ದಿಕ್ಕುದಿಕ್ಕಿಗೆ ಚಿಕ್ಕ ಮಂಟಪಗಳು. ಅವುಗಳಲ್ಲಿ ಎಲ್ಲವೂ ಉಳಿದಿಲ್ಲ. ದಡದಲ್ಲಿ ದೇವಸ್ಥಾನವಿತ್ತು. 17ನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಯ ನಂತರ ಅಲ್ಲಿ ಮುಸಾಫಿರ್‌ಖಾನೆ ಎದ್ದಿತು. ಈಗ ಹೊಂಡ, ಮುಸಾಫಿರ್‌ಖಾನೆ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಬಹಳ ಜನ ಗೇಟಿನ ಹತ್ತಿರ ನಿಂತು ಫೋಟೊ ಹೊಡೆದುಕೊಂಡು ವಾಪಸಾಗುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಮೆಟ್ಟಿಲ ಸಾಲನ್ನು ನೋಡಿ: ನೀರು ಎಷ್ಟೇ ಇಳಿದರೂ ಕೈಗೆ ಸಿಗುವಂತೆ ಕೆಳಗೆ ಇನ್ನೊಂದು ಮೆಟ್ಟಿಲು ಇದ್ದೇ ಇರುತ್ತದೆ. ಕಲ್ಲಿನ ಮೇಲೆ ಉಳಿದ ನೀರಿನ ಗೆರೆ ನೋಡಿದರೆ ಹೊಂಡ ಎಲ್ಲಿಯವರೆಗೆ ತುಂಬಿತ್ತೆಂದು ಲೆಕ್ಕ ಹಾಕಬಹುದು. ಬೇಸಿಗೆಯಲ್ಲೂ ದಡದಲ್ಲಿ ತಂಪಿರಲು ಕಾರಣ ಸರಳ. ನೀರು ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ತಗ್ಗಿನಲ್ಲಿರುವ ಹೊಂಡದಲ್ಲಿ ಆ ತಂಪುಗಾಳಿ ಬೇಗ ಚದುರುವುದಿಲ್ಲ. ನೀರ ನಡುವಿನ ಮಂಟಪಕ್ಕೆ ನಾಲ್ಕೂ ಕಡೆಯಿಂದ ಆ ತಂಪು. ಬಿಸಿಲುಗಾಲಕ್ಕೆ ಇದಕ್ಕಿಂತ ಬುದ್ಧಿವಂತ ಕಟ್ಟಡ ಈ ಜಿಲ್ಲೆಯಲ್ಲಿ ಈಚೆಗೆ ಯಾರೂ ಕಟ್ಟಿದಂತೆ ಕಾಣೆ. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ, ಮಕ್ಕಳ ಕೈ ಬಿಡಬೇಡಿ. ಬೆಳಿಗ್ಗೆ ಹೋದರೆ ಲೇಸು, ಮಧ್ಯಾಹ್ನ ಕಲ್ಲು ಕಾದು ಕಾಲಿಡಲಾಗದು.

ಅಲ್ಲಿಂದ ಸೂಳೆಕೆರೆ, ಅಂದರೆ ಶಾಂತಿಸಾಗರ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಹರಿದುಹೋಗುತ್ತಿದ್ದ ಜಾಗವನ್ನು ಹಿಂದಿನವರು ನೋಡಿಕೊಂಡು, ಆ ಸಂದಿಗೆ ಮಾತ್ರ ಏರಿ ಹಾಕಿದರು. ಏರಿಯ ಉದ್ದ ಕಡಿಮೆ, ಕೆರೆ ಸಾವಿರಾರು ಎಕರೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳೆಂಬುದು ಐತಿಹ್ಯ. ಏರಿಯ ಮೇಲೆ ನಿಂತು ಒಂದು ಕಡೆ ನೀರು, ಇನ್ನೊಂದು ಕಡೆ ತೂಬಿನ ಕೆಳಗಿನ ಗದ್ದೆ ಬಯಲು ನೋಡಿದರೆ ಕೆರೆ ಹೇಗೆ ಕೆಲಸ ಮಾಡುತ್ತದೆಂಬುದು ಹೇಳದೆಯೇ ತಿಳಿಯುತ್ತದೆ. ಸಿದ್ಧೇಶ್ವರ ಗುಡಿಯೂ ಅಲ್ಲೇ ಇದೆ. ಭದ್ರಾ ನೀರೂ ಈ ಕೆರೆಗೆ ಸೇರುತ್ತದೆ. ಚಿತ್ರದುರ್ಗಕ್ಕೆ ಇಲ್ಲಿಂದಲೂ ಕುಡಿಯುವ ನೀರು ಹೋಗುತ್ತದೆ. ತಿಂಡಿಯ ಪ್ಲಾಸ್ಟಿಕ್ಕನ್ನು ಇಲ್ಲಿ ಎಸೆಯುವವರು ಇದನ್ನೊಮ್ಮೆ ನೆನೆದರೆ ಸಾಕು.

ಕತ್ತಲಗೆರೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಭತ್ತ, ಕಬ್ಬಿನ ಪ್ರಯೋಗ ನಡೆಯುವ ಜಾಗ ಅದು, ವಿಹಾರದ ಪಾರ್ಕಲ್ಲ. ಮೊದಲೇ ಕೇಳಿಕೊಂಡು, ಆಸಕ್ತಿಯಿದ್ದವರು ಮಾತ್ರ ಹೋಗಬೇಕು. ಬೆಳೆ ನೋಡುವ ಕಣ್ಣಿದ್ದವರಿಗೆ ಸಾಲುಸಾಲು ತಳಿಗಳ ಪಾತಿಗಳು ಹೂದೋಟಕ್ಕಿಂತ ಹೆಚ್ಚು ಹೇಳುತ್ತವೆ.

ಈ ಸೀಮೆಯ ನಿಜವಾದ ಉದ್ಯಾನವೆಂದರೆ ಅಡಿಕೆ ತೋಟವೇ. ಪರಿಚಯದವರ ತೋಟಕ್ಕೆ ಕೇಳಿ ಹೋಗಿ. ರಸ್ತೆಯ ಧಗೆಯಿಂದ ಒಳಗೆ ಕಾಲಿಟ್ಟರೆ ಮೈಗೆ ತಂಪು ತಾಕುತ್ತದೆ: ಮೇಲೆ ಸೋಗೆಯ ಚಪ್ಪರ, ಕೆಳಗೆ ಬಿದ್ದ ಹಾಳೆ ಸೋಗೆಯ ಹೊದಿಕೆ, ಸಾಲುಗಳ ನಡುವೆ ಬಸಿಗಾಲುವೆ. ಅಡಿಕೆಗೆ ನೀರು ಬೇಕು, ಬುಡದಲ್ಲಿ ನಿಂತ ನೀರು ಆಗದು, ಅದಕ್ಕೇ ಬಸಿಗಾಲುವೆ. ಎಳೆಯ ತೋಟವಾದರೆ ನೈಋತ್ಯದ ಅಂಚನ್ನು ಗಮನಿಸಿ. ಆ ಕಡೆಯ ಮಧ್ಯಾಹ್ನದ ಬಿಸಿಲು ಕಾಂಡವನ್ನು ಸುಟ್ಟು ಸೀಳುತ್ತದೆ, ಹಾಗಾಗಿ ಬಾಳೆ ಹಾಕಿ ಮರೆ ಮಾಡಿರುತ್ತಾರೆ, ಇಲ್ಲವೇ ಕಾಂಡಕ್ಕೆ ಸೋಗೆ ಕಟ್ಟಿರುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ದೋಟಿ ಹಿಡಿದು ಗೊನೆ ಇಳಿಸುವುದು, ಸುಲಿದು ಹಂಡೆಯಲ್ಲಿ ಬೇಯಿಸುವುದು, ಚೊಗರು ಹಾಕಿ ಕೆಂಪೇರಿಸಿ ಕಣದಲ್ಲಿ ಹರವುವುದು ಎಲ್ಲ ನೋಡಸಿಗುತ್ತದೆ. ಕಣದ ಅಡಿಕೆ ತುಳಿಯಬೇಡಿ. ಬಿದ್ದದ್ದನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಲೂ ಬೇಡಿ; ತೋಟದ ಫಸಲನ್ನು ಖೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿದ್ದರೆ ಅದು ಮಾಲೀಕನದ್ದೂ ಅಲ್ಲ.

ನ್ಯಾಮತಿ ಕಡೆ ಹೋಗುವವರಿಗೆ ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರವಿದೆ: ಗುಡ್ಡ, ಕಾಡು, ಬೇಸಿಗೆಯಲ್ಲೂ ಬತ್ತದ ಒರತೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯೇ ಸಾಕು, ಮಳೆಗಾಲದಲ್ಲಿ ಮಾತ್ರ ಸೇತುವೆಯಿಂದಲೇ ನೋಡಿ. ದಾವಣಗೆರೆಗೆ ಹೋದರೆ ಮಕ್ಕಳಿಗೆ ಗಾಜಿನ ಮನೆ ಹಿಡಿಸುತ್ತದೆ. ನಾನಾದರೆ ಸಂಜೆ ಕುಂದುವಾಡ ಕೆರೆ ಏರಿಯ ಮೇಲೆ ನಡೆದು, ಆಮೇಲೆ ಮಂಡಕ್ಕಿ ಮೆಣಸಿನಕಾಯಿಗೆ ಕೂರುತ್ತೇನೆ. ಆ ಕೆರೆ ನಗರದ ಕುಡಿಯುವ ನೀರಿನದು, ಅದೂ ಚಾನೆಲ್ ನೀರನ್ನೇ ನಂಬಿದ್ದು.

ಜಗಳೂರು ಮಾತ್ರ ಈ ಲೆಕ್ಕಕ್ಕೆ ಸೇರದ ತಾಲ್ಲೂಕು. ಅಲ್ಲಿ ಭದ್ರಾ ಚಾನೆಲ್‌ನ ಹಸಿರಿಲ್ಲ, ಕುರುಚಲು ಕಾಡಿದೆ. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿ ಧಾಮ ಸುಮಾರು 77 ಚದರ ಕಿ.ಮೀ. ಇದೆ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಇಲ್ಲ. ಹಿಂಡು ಕಟ್ಟದೆ ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಪೊದೆಯಲ್ಲಿ ಅಡಗಿರುವ ನಾಚಿಕೆಯ ಪ್ರಾಣಿ, ಕಂಡರೆ ಅದೃಷ್ಟ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಬೆಳಗಿನ ಜಾವವೇ ತಲುಪಿ, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ.