ಕರ್ಪೂರದ ಗಂಟು ಮೂಸಿದರೆ ಹಿಮಾಲಯದಲ್ಲಿ ಆಮ್ಲಜನಕ ಏರುತ್ತದೆಯೇ?

‘ಹಿಮಾಲಯಕ್ಕೆ ಹೋಗುವವರು ತಪ್ಪದೆ ಓದಿ. ಕರ್ಪೂರ, ಲವಂಗ, ಓಂಕಾಳು ಬಟ್ಟೆಯಲ್ಲಿ ಕಟ್ಟಿ, ಮೇಲೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಮೂಸುತ್ತಿದ್ದರೆ ಆಕ್ಸಿಜನ್ ಲೆವೆಲ್ ಏರುತ್ತದೆ. ಎಲ್ಲ ಗ್ರೂಪಿಗೂ ಕಳಿಸಿ.’

ತಿಪಟೂರು ತಾಲ್ಲೂಕಿನ ಬಿಳಿಗೆರೆಯಿಂದ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿದ್ದಾರೆ. ಅವರ ಮನೆಯವರು ಉತ್ತರಾಖಂಡದ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನ ಮತ್ತು ಹೇಮಕುಂಡ ನೋಡಲು ಹೊರಟಿದ್ದಾರಂತೆ. ಜೊತೆಯಲ್ಲಿ ಅರವತ್ತು ದಾಟಿದ ತಾಯಿಯೂ ಇದ್ದಾರೆ. ‘ಗಂಟು ಕಟ್ಟಿಕೊಟ್ಟರೆ ಸಾಕಾ?’ ಎಂಬುದು ಅವರ ಪ್ರಶ್ನೆ.

ಸಾಲದು. ಈ ಸಂದೇಶ ಹೊಸದೂ ಅಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಇದೇ ಗಂಟು ಕೊರೊನಾ ರೋಗಿಗಳ ಆಮ್ಲಜನಕ ಏರಿಸುತ್ತದೆಂದು ಹರಿದಾಡಿತ್ತು. ಲಡಾಖಿನಲ್ಲಿ ಪ್ರವಾಸಿಗರಿಗೆ ಇದನ್ನೇ ಕೊಡುತ್ತಾರೆ ಎಂಬ ಸಾಲನ್ನೂ ಅದಕ್ಕೆ ಸೇರಿಸಿದ್ದರು. ರೋಗ ಹೋಯಿತು, ಗಂಟು ಉಳಿಯಿತು.

ಹಾಗಾದರೆ ಮೂಸಿದಾಗ ಉಸಿರು ಹಗುರವಾದಂತೆ ಅನಿಸುವುದೇಕೆ? ಕರ್ಪೂರ ಮತ್ತು ನೀಲಗಿರಿಯ ಆವಿ ಮೂಗಿನೊಳಗಿನ ತಂಪು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಗಾಳಿ ಹೆಚ್ಚು ಒಳಗೆ ಹೋಗುತ್ತಿದೆ ಎಂದು ಮೆದುಳಿಗೆ ಅನಿಸುತ್ತದೆ. ಆದರೆ ಮೂಗಿನ ದಾರಿ ಅಗಲವಾಗಿರುವುದಿಲ್ಲ, ರಕ್ತದ ಆಮ್ಲಜನಕವೂ ಏರಿರುವುದಿಲ್ಲ. ಮೂಸಿ ಖುಷಿಪಡುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕರ್ಪೂರವನ್ನು ಬಾಯಿಗೆ ಹಾಕಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಒಂದು ಗ್ರಾಂನಷ್ಟು ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: ‘ಮೇಲೆ ಮರ ಇಲ್ಲ, ಅದಕ್ಕೇ ಆಮ್ಲಜನಕ ಇಲ್ಲ.’ ಸುತ್ತ ತೆಂಗಿನ ತೋಟ ಇಟ್ಟುಕೊಂಡವರಿಗೆ ಇದು ಸರಿ ಅನಿಸುವುದು ಸಹಜ. ಆದರೆ ಬಿಳಿಗೆರೆಯ ತೋಟದಲ್ಲೂ ಹೇಮಕುಂಡದ ದಡದಲ್ಲೂ ಗಾಳಿಯ ಶೇ 21ರಷ್ಟು ಆಮ್ಲಜನಕವೇ. ಗಾಳಿ ಸದಾ ಬೆರೆಯುತ್ತಿರುವುದರಿಂದ ಮರದ ಬುಡದಲ್ಲಿ ಹೆಚ್ಚು, ಬಯಲಲ್ಲಿ ಕಡಿಮೆ ಎಂದಾಗುವುದಿಲ್ಲ. ಕಡಿಮೆಯಾಗುವುದು ಗಾಳಿಯ ಒತ್ತಡ. ಮೇಲೇರಿದಷ್ಟೂ ನಮ್ಮ ತಲೆಯ ಮೇಲಿನ ಗಾಳಿಯ ಭಾರ ಇಳಿಯುತ್ತದೆ, ಗಾಳಿ ತೆಳುವಾಗುತ್ತದೆ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಒತ್ತಡ 100 ಎಂದುಕೊಂಡರೆ ತಿಪಟೂರು ಸೀಮೆಯಲ್ಲಿ ಸುಮಾರು 90, ಹೂಗಳ ಕಣಿವೆಗೆ ಹೋಗುವವರು ತಂಗುವ ಘಂಗರಿಯಾದಲ್ಲಿ ಸುಮಾರು 70, ಹೇಮಕುಂಡದಲ್ಲಿ 60ರ ಆಸುಪಾಸು. ಇಲ್ಲಿಂದ ಕೊಂಡೊಯ್ದ ಚಿಪ್ಸ್ ಪ್ಯಾಕೆಟ್ ಅಲ್ಲಿ ಬಲೂನಿನಂತೆ ಉಬ್ಬುವುದೂ ಇದಕ್ಕೇ.

ಮೇಲೆ ಮರ ಬೆಳೆಯದಿರುವುದಕ್ಕೆ ಮುಖ್ಯ ಕಾರಣ ಚಳಿ. ಬೇಸಿಗೆಯೂ ಸಾಕಷ್ಟು ಬೆಚ್ಚಗಾಗದ ಎತ್ತರದಲ್ಲಿ ಮರ ಮೇಲೇಳುವುದಿಲ್ಲ. ನೆಲಕ್ಕಂಟಿದ ಹುಲ್ಲು, ಹೂಗಿಡಗಳಷ್ಟೇ ಉಳಿಯುತ್ತವೆ. ಹೂಗಳ ಕಣಿವೆ ಹೂಗಳ ಕಣಿವೆಯಾಗಿರುವುದೇ ಹೀಗೆ. 1931ರಲ್ಲಿ ಕಾಮೆಟ್ ಶಿಖರ ಏರಿ ಮರಳುತ್ತಿದ್ದ ಫ್ರಾಂಕ್ ಸ್ಮೈತ್ ತಂಡ ಇಲ್ಲಿಗೆ ಬಂದು ಬೆರಗಾಯಿತು. 1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ತೆಳು ಗಾಳಿಗೆ ದೇಹ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಆತುರಪಟ್ಟರೆ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು, ನಿದ್ದೆಗೇಡು ಬರುತ್ತವೆ. ದಿನಾ ತೋಟದಲ್ಲಿ ದುಡಿಯುವ ಗಟ್ಟಿ ಆಳಿಗೂ ಬರಬಹುದು, ಇಪ್ಪತ್ತರ ಹುಡುಗನಿಗೂ ಬರಬಹುದು. ‘ಜಿಮ್ ಮಾಡ್ತೀನಿ, ನನಗೇನಾಗಲ್ಲ’ ಎಂದು ಓಡುವವರೇ ಹೆಚ್ಚು ಸಿಕ್ಕಿಬೀಳುತ್ತಾರೆ ಎಂಬುದು ನಮ್ಮ ಅನಿಸಿಕೆ.

ಜೋಶಿಮಠ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಘಂಗರಿಯಾ ಸುಮಾರು 3,050. ಋಷಿಕೇಶದಿಂದ ಹೊರಟು ಜೋಶಿಮಠದಲ್ಲಿ ಒಂದೆರಡು ರಾತ್ರಿ ಕಳೆದು, ಆಮೇಲೆ ಘಂಗರಿಯಾಕ್ಕೆ ಹತ್ತಿ. ಮರುದಿನ ಹೂಗಳ ಕಣಿವೆ ನೋಡಿ, ಹೆಚ್ಚು ಎತ್ತರದ ಹೇಮಕುಂಡವನ್ನು ಅದರ ಮಾರನೇ ದಿನಕ್ಕೆ ಇಡಿ. ಕಣಿವೆಯಲ್ಲಾಗಲಿ ಹೇಮಕುಂಡದಲ್ಲಾಗಲಿ ರಾತ್ರಿ ತಂಗಲು ಬಿಡುವುದಿಲ್ಲ. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಮಲಗುವುದು ದೇಹಕ್ಕೂ ಒಳ್ಳೆಯದೇ. ಮದ್ಯವನ್ನೂ ನಿದ್ದೆ ಮಾತ್ರೆಯನ್ನೂ ದೂರವಿಡಿ. ಅಸೆಟಜೋಲಮೈಡ್ ಎಂಬ ಮಾತ್ರೆಯಿಂದ ಪ್ರಯೋಜನವಿದೆ, ಆದರೆ ಎಲ್ಲರಿಗೂ ಆಗುವುದಿಲ್ಲ. ಹೃದಯದ ತೊಂದರೆ, ಬಿಪಿ, ರಕ್ತಹೀನತೆ ಇದ್ದವರು ಹೊರಡುವ ಮುಂಚೆಯೇ ಊರಿನ ಡಾಕ್ಟರ ಹತ್ತಿರ ಮಾತಾಡಿ. ಅಂಗಡಿಯಲ್ಲಿ ಮಾರುವ ಪುಟ್ಟ ಆಕ್ಸಿಜನ್ ಕ್ಯಾನ್ ಕೆಲವೇ ನಿಮಿಷದ ಆಟ. ಅದನ್ನು ನಂಬಿ ಮೇಲಕ್ಕೆ ಹೋಗಬೇಡಿ.

ಬರೀ ತಲೆನೋವಾದರೆ ಅಲ್ಲೇ ನಿಂತು ವಿಶ್ರಾಂತಿ ಮಾಡಿ, ಇನ್ನೂ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿದರೆ, ಗೆರೆ ಹಿಡಿದಂತೆ ನೇರ ನಡೆಯಲಾಗದಿದ್ದರೆ ಮೆದುಳು ಊದಿಕೊಳ್ಳುತ್ತಿದೆ. ಆಗ ಬೆಳಗಾಗಲಿ ಎಂದು ಕಾಯಬಾರದು. ಜೊತೆಗೊಬ್ಬರನ್ನು ಕಳಿಸಿ, ಕತ್ತಲಾದರೂ ಸರಿ, ಹೊತ್ತುಕೊಂಡಾದರೂ ಸರಿ, ಕೆಳಗಿಳಿಸಬೇಕು. ಆಮ್ಲಜನಕ ಸಿಕ್ಕರೆ ಕೊಡುತ್ತಲೇ ಇಳಿಸಿ. ಇಂಥ ಹೊತ್ತಲ್ಲಿ ‘ಗಂಟು ಮೂಸು, ಸರಿಹೋಗುತ್ತೆ’ ಎಂದು ಕೂರಿಸಿಕೊಂಡರೆ ಕಳೆಯುವ ಒಂದೆರಡು ಗಂಟೆಯೇ ಜೀವ ತೆಗೆಯಬಹುದು.

ಚಳಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜೂನ್ ಮೊದಲ ವಾರ, ಉತ್ತರಾಖಂಡದಲ್ಲೇ 4,000 ಮೀಟರಿಗೂ ಎತ್ತರದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೊರಟಿದ್ದ ಚಾರಣ ತಂಡ ಮರಳುವಾಗ ಹಿಮಗಾಳಿಗೆ ಸಿಕ್ಕಿತು. 9 ಮಂದಿ ಸತ್ತರು, 13 ಮಂದಿ ಬದುಕುಳಿದರು. ನಮಗೆ ಜೂನ್ ಎಂದರೆ ಮುಂಗಾರು, ಅಲ್ಲಿ ಅದೇ ತಿಂಗಳು ಹಿಮವೂ ಬೀಳುತ್ತದೆ. ಒದ್ದೆ ಹತ್ತಿ ಬಟ್ಟೆ ಮೈಬಿಸಿಯನ್ನು ಬೇಗ ಹೀರುತ್ತದೆ. ಉಣ್ಣೆಯ ಅಂಗಿ, ಮಳೆಕೋಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣಬಟ್ಟೆ ಬೇಕೇ ಬೇಕು. ಬ್ರಾಂದಿ ಕುಡಿದರೆ ಬೆಚ್ಚಗೆ ಎಂಬುದೂ ಸುಳ್ಳು. ಚರ್ಮದ ರಕ್ತನಾಳ ಹಿಗ್ಗಿ ಮೈಬಿಸಿ ಇನ್ನಷ್ಟು ಬೇಗ ಹೊರಹೋಗುತ್ತದೆ. (ಮುಖಕ್ಕೆ ಹಚ್ಚಲು ನಮ್ಮ ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ, ಬಾಟಲಿಯೊಳಗೆ ಕಲ್ಲಾಗಿಬಿಡುತ್ತದೆ.)

ಅದೇ ಓದುಗರು ಕೊನೆಗೊಂದು ಕೇಳಿದ್ದಾರೆ: ‘ನಮ್ಮ ಅಂಗಳದ ಬ್ರಹ್ಮಕಮಲವೇ ಅಲ್ಲಿಯದ್ದೂ?’ ಅಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಅರಳಿ ಬೆಳಗ್ಗೆ ಬಾಡುವುದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿಜಾತಿಯ ಗಿಡ. ಹೇಮಕುಂಡದ ದಾರಿಯಲ್ಲಿ ಮಳೆಗಾಲದಲ್ಲಿ ಕಾಣುವ, ತಿಳಿಹಳದಿ ಎಲೆಗಳ ಗೂಡಿನೊಳಗೆ ನೇರಳೆ ಹೂವಿಟ್ಟುಕೊಂಡದ್ದು ಉತ್ತರಾಖಂಡದ ರಾಜ್ಯಪುಷ್ಪ. ಫೋಟೋ ತೆಗೆದುಕೊಳ್ಳಿ, ಕೀಳಬೇಡಿ. ತಾಯಿಯವರಿಗೆ ಸುಸ್ತೆನಿಸಿದರೆ ಘಂಗರಿಯಾದಿಂದ ಹೇಮಕುಂಡದ ಕಡೆಗೆ ಕುದುರೆಯೂ ಸಿಗುತ್ತದೆ. ಆದರೆ ಕುದುರೆಯ ಮೇಲೆ ಕೂತು ಹೋದರೂ ಎತ್ತರ ಅಷ್ಟೇ, ತಲೆನೋವು ಶುರುವಾಗಿದ್ದರೆ ಆ ದಿನ ಅವರು ಘಂಗರಿಯಾದಲ್ಲೇ ಇರಲಿ.